ಫಕೀರಪ್ಪನ ಎರಡು ನಿಮಿಷ

ಹಳೆಯ ವಿದ್ಯಾರ್ಥಿಗಳ ಸಂಘದ ಕೆಲಸಕ್ಕೆ ಬರುವವರು ಮೊದಲು ಒಂದು ಮಾತು ತಿಳಿದಿರಬೇಕು. ಕಲಿತ ಸಂಸ್ಥೆಯ ಮೇಲಿನ ಪ್ರೀತಿಯಿಂದ ಯಾರೂ ವಾರ್ಷಿಕ ಸಭೆಗೆ ಬರುವುದಿಲ್ಲ. ಯಾರ ತಲೆ ಎಷ್ಟು ಬೋಳಾಗಿದೆ ಎಂದು ನೋಡಲು ಬರುತ್ತಾರೆ. ತಮ್ಮದಕ್ಕಿಂತ ಬೋಳಾದ ತಲೆ ಒಂದು ಸಿಕ್ಕಿತೋ, ಎರಡು ಚಪಾತಿ ಹೆಚ್ಚು ಉಂಡು ಹೋಗುತ್ತಾರೆ, ಮುಂದಿನ ವರ್ಷವೂ ಬರುತ್ತಾರೆ. ಸಿಗದಿದ್ದರೆ ಸಂಘ ಸರಿಯಾಗಿ ನಡೆಯುತ್ತಿಲ್ಲ ಎನ್ನುತ್ತಾರೆ.

ಈ ಮಾತು ನನ್ನದಲ್ಲ, ನನ್ನ ಹೆಂಡತಿ ಗಿರಿಜಾಳದು. ಹತ್ತೊಂಬತ್ತು ವರ್ಷ ಅವಳು ಸಂಘದ ಅಧ್ಯಕ್ಷೆ, ನಾನು ಕಾರ್ಯದರ್ಶಿ. ಗದಗಿನ ಸ್ನಾತಕೋತ್ತರ ಕೇಂದ್ರದಲ್ಲಿ ನಾವಿಬ್ಬರೂ ಒಂದೇ ವರ್ಷ ಎಂ.ಎ. ಓದಿದವರು. ಅವಳು ಮೊದಲ ದರ್ಜೆ, ನಾನು ಪಾಸು. ಮುಂದೆ ಅವಳು ಗದಗಿನಲ್ಲೇ ಕಾಲೇಜಿನಲ್ಲಿ ಪಾಠ ಹೇಳಿದಳು, ನಾನು ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದೆ. ಆ ನೌಕರಿಗಳ ಬಗ್ಗೆ ಹೇಳುವಂಥದ್ದು ಬಹಳ ಇಲ್ಲ. ಸಂಬಳ ಇಲ್ಲದ ಈ ಕೆಲಸದ ಬಗ್ಗೆಯೇ ಇದೆ.

ಈ ಬೇಸಿಗೆಯಲ್ಲಿ ಗಿರಿಜಾ ತೀರಿಕೊಂಡಳು. ನಾನೂ ಕೆಲಸ ಬಿಟ್ಟೆ. ಹೊಸ ಕಾರ್ಯದರ್ಶಿ ಸವಿತಾ ಶಿರಹಟ್ಟಿಯವಳು, ಅಲ್ಲಿಯೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳಿಗೆ ಸದಸ್ಯರ ರಿಜಿಸ್ಟರು, ಸಭೆಯ ನಡಾವಳಿ ಪುಸ್ತಕ, ರಬ್ಬರ್ ಮೊಹರು, ಕಪಾಟಿನ ಕೀಲಿ ಎಲ್ಲ ಒಪ್ಪಿಸಿದೆ. ಒಂದು ಹಾಳೆಯನ್ನು ಮಾತ್ರ ಒಪ್ಪಿಸಲಿಲ್ಲ. ಅದು ಆ ವರ್ಷ ತೀರಿಕೊಂಡ ಸದಸ್ಯರ ಪಟ್ಟಿ. ಸಭೆಯಲ್ಲಿ ಅದನ್ನು ಓದಿ ಎರಡು ನಿಮಿಷ ಮೌನ ಆಚರಿಸುವುದು ನಮ್ಮ ಪದ್ಧತಿ. ನಾಲ್ಕು ಹೆಸರು ಬರೆದಿದ್ದೆ. ಐದನೆಯದನ್ನು ಬರೆಯಲು ಕೈ ಬರುತ್ತಿರಲಿಲ್ಲ. ಸಭೆ ಹತ್ತಿರ ಬರುತ್ತಿತ್ತು. ಆ ಹಾಳೆ ಕಡೆಗೆ ಹೇಗೆ ತುಂಬಿತು ಎಂದು ಹೇಳಬೇಕಾದರೆ ಉಳಿದದ್ದನ್ನೂ ಹೇಳಬೇಕು.

ನಾವು ಪದಾಧಿಕಾರಿಗಳಾದ ಬಗೆ ಹೀಗೆ. ಸಂಘದ ಮೊದಲ ಸಭೆಯನ್ನು ಊಟವಾದ ಮೇಲೆ ಇಟ್ಟಿದ್ದರು. ಅದೇ ತಪ್ಪು. ಕೈ ತೊಳೆಯಲು ಹೊರಗೆ ಹೋದವರು ಹಾಗೆಯೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಉಳಿದವರು ಹದಿನಾಲ್ಕು ಮಂದಿ. ಕೇಂದ್ರದ ಆಗಿನ ನಿರ್ದೇಶಕರು ವೇದಿಕೆಯಿಂದ, "ಅಧ್ಯಕ್ಷ ಸ್ಥಾನದ ಜವಾಬ್ದಾರಿ ಯಾರು ತಗೋತೀರಿ?" ಎಂದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಗಿರಿಜಾ ಎದ್ದು ನಿಂತಳು. ಚಪ್ಪಾಳೆ ಬಿತ್ತು.

"ಸರ್ರ, ನಾ ಎದ್ದಿದ್ದು ಅದಕ್ಕಲ್ರಿ. ಅಡಗಿ ಖೋಲಿಯೊಳಗ ಬೆಕ್ಕು ಹೊಕ್ಕೈತಿ. ಎಣ್ಣೆಗಾಯಿ ಪಾತೇಲಿ ತೆರದ ಐತಿ."

"ಅಭಿನಂದನೆಗಳು," ಎಂದರು ನಿರ್ದೇಶಕರು. ಅವರಿಗೆ ಕಿವಿ ಸ್ವಲ್ಪ ಮಂದ. ಬಸ್ಸಿನ ಹೊತ್ತು ಬೇರೆ ಆಗಿತ್ತು.

ಗಿರಿಜಾ ಒಂದು ಕ್ಷಣ ಯೋಚಿಸಿ ನನ್ನ ಕಡೆ ಕೈ ತೋರಿಸಿದಳು. "ಆತ್ರಿ. ಆದ್ರ ಸೆಕ್ರೆಟರಿ ಇವರ ಆಗಬೇಕು. ಮನ್ಯಾಗ ನಾ ಹೇಳಿದ್ದೆಲ್ಲಾ ಕೇಳಕೋತಾರ. ಇಲ್ಲಿ ಬರಕೊಳ್ಳಲಿ."

ಅಂದಿನಿಂದ ಸಭೆಯನ್ನು ಊಟಕ್ಕೆ ಮೊದಲು ಇಡುತ್ತಾ ಬಂದಿದ್ದೇವೆ. ಅಡುಗೆಯ ವಾಸನೆ ಸಭಾಂಗಣಕ್ಕೆ ಬರುವಂತೆ ಕಿಟಕಿ ತೆರೆದಿಡಬೇಕು. ಭಾಷಣಗಳು ತಾವಾಗಿಯೇ ಚಿಕ್ಕವಾಗುತ್ತವೆ.

ನಿರ್ದೇಶಕರು ಬರುತ್ತಾರೆ, ಹೋಗುತ್ತಾರೆ. ಅವರ ಬಗ್ಗೆ ಹೆಚ್ಚು ಚಿಂತೆ ಬೇಡ. ಎರಡನೆಯವರು ಶಿಸ್ತಿನ ಮನುಷ್ಯ. ಸದಸ್ಯರೆಲ್ಲ ತುಂಬಿ ಕಳಿಸಬೇಕೆಂದು ನಾಲ್ಕು ಪುಟದ ಅರ್ಜಿ ಅಚ್ಚು ಹಾಕಿಸಿದರು. ಅದರಲ್ಲಿ 'ತಮ್ಮ ಸಾಧನೆಗಳು' ಎಂದು ಅರ್ಧ ಪುಟ ಖಾಲಿ ಬಿಟ್ಟಿದ್ದರು. ನೂರಾರು ಅರ್ಜಿ ಅಂಚೆಗೆ ಹಾಕಿದೆವು. ಆರು ತಿರುಗಿ ಬಂದವು. ಒಂದು ಮುಳಗುಂದದಿಂದ ಬಂದದ್ದು. ಸಾಧನೆಯ ಜಾಗದಲ್ಲಿ ಆ ಸದಸ್ಯರು ಬರೆದಿದ್ದರು: 'ಇಬ್ಬರು ಹೆಣ್ಣುಮಕ್ಕಳ ಮದುವೆ. ಒಂದು ಬಾವಿ. ಬೀಡಿ ಬಿಟ್ಟದ್ದು.'

ನಿರ್ದೇಶಕರು ಆ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು, "ಇದೇನ್ರಿ ಇದು? ಇದು ಸಾಧನೆ ಏನ್ರಿ?" ಎಂದರು.

"ಬೀಡಿ ಬಿಡೂದು ಸಾಧನಾ ಅಲ್ಲೇನ್ರಿ ಸರ?" ಎಂದಳು ಗಿರಿಜಾ. "ನೀವು ಗ್ರಂಥಾಲಯದ ಹಿಂದ ನಿಂತು ಸೇದೂದು ಒಂದ್ ವಾರ ಬಿಡ್ರಿ ನೋಡೋಣು."

ನಾನು ನೆಲ ನೋಡುತ್ತ ನಿಂತೆ. ನಿರ್ದೇಶಕರು ಅರ್ಜಿಯನ್ನು ಮೇಜಿನ ಮೇಲಿಟ್ಟರು. ಮರುವಾರ ಅರ್ಜಿಯನ್ನು ಒಂದು ಪೋಸ್ಟ್ ಕಾರ್ಡಿಗೆ ಇಳಿಸಲು ಒಪ್ಪಿದರು. ಗಿರಿಜಾ ಅದರಲ್ಲಿ ಮೂರೇ ಪ್ರಶ್ನೆ ಇಟ್ಟಳು: ಈಗ ಎಲ್ಲಿದ್ದೀರಿ? ಏನು ಮಾಡುತ್ತೀರಿ? ಊಟಕ್ಕೆ ಬರುತ್ತೀರೋ ಇಲ್ಲವೋ? ಇನ್ನೂರಕ್ಕೂ ಮೇಲೆ ಉತ್ತರ ಬಂದವು. ಜನರಿಂದ ಉತ್ತರ ಬೇಕಾದರೆ ಅವರಿಗೆ ಉತ್ತರ ಗೊತ್ತಿರುವ ಪ್ರಶ್ನೆ ಕೇಳಬೇಕು.

ವಿಳಾಸ ಹುಡುಕುವುದು ಈ ಕೆಲಸದ ಅರ್ಧ ಭಾಗ. ಊರು ಬಿಟ್ಟವರ ವಿಳಾಸ ಸಿಗುತ್ತದೆ, ಊರಲ್ಲೇ ಇದ್ದವರದು ಸಿಗುವುದಿಲ್ಲ. ಯಾಕೆಂದರೆ ಅವರಿಗೆ ವಿಳಾಸದ ಅವಶ್ಯಕತೆಯೇ ಬಂದಿರುವುದಿಲ್ಲ. ಲಕ್ಷ್ಮೇಶ್ವರದಲ್ಲಿ ನಾನು ಯಾರನ್ನು ಹುಡುಕಬೇಕಾದರೂ ಬಸ್ ಸ್ಟ್ಯಾಂಡಿನ ಗಿರ್ಮಿಟ್ ಅಂಗಡಿಗೆ ಹೋಗುತ್ತಿದ್ದೆ. ಒಂದು ಪ್ಲೇಟು ತಿಂದು ಮುಗಿಯುವುದರೊಳಗೆ ಬೇಕಾದವರ ಮನೆ, ಹೊಲ, ಯಾರೊಡನೆ ಜಗಳ, ಯಾವ ಮೊಣಕಾಲು ನೋವು, ಎಲ್ಲ ಸಿಗುತ್ತಿತ್ತು. ಈಗಿನವರು ಫೋನಿನಲ್ಲಿ ಹುಡುಕುತ್ತಾರೆ. ಹುಡುಕಲಿ. ಮೊಣಕಾಲಿನ ವಿಷಯ ಅದರಲ್ಲಿ ಸಿಗುವುದಿಲ್ಲ.

ಒಂದು ವರ್ಷ ಶಿರಹಟ್ಟಿ ಹತ್ತಿರದ ಮಾಗಡಿಗೆ ಹೋಗಿದ್ದೆವು. ಅಲ್ಲಿಯ ಕೆರೆಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬರುತ್ತವೆ. ನಮ್ಮ ಒಬ್ಬ ಸದಸ್ಯ ಕೆರೆಯ ಪಕ್ಕದಲ್ಲೇ ಹೊಲ ಮಾಡಿಕೊಂಡಿದ್ದ, ಸಭೆಗೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಗಿರಿಜಾ ಅವನ ಮನೆಯ ಕಟ್ಟೆಯ ಮೇಲೆ ಕುಳಿತು, ಕೆರೆ ತುಂಬ ತೇಲುತ್ತಿದ್ದ ಬಾತುಗಳನ್ನು ನೋಡಿದಳು. ಮನೆಗೆ ಬಂದು ಆ ವರ್ಷದ ಆಮಂತ್ರಣವನ್ನು ತಾನೇ ಬರೆದಳು. 'ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಹಕ್ಕಿಗಳು ವರ್ಷವೂ ತಪ್ಪದೆ ಬರುತ್ತವೆ. ಅವಕ್ಕೆ ನಾವು ಆಮಂತ್ರಣ ಕಳಿಸಿಲ್ಲ. ನಿಮಗೆ ಕಳಿಸಿದ್ದೇವೆ. ಮಾಗಡಿಯಿಂದ ಗದಗಿಗೆ ಬಸ್ಸೂ ಇದೆ.' ಆ ವರ್ಷ ಕುರ್ಚಿ ಸಾಲಲಿಲ್ಲ. ಮಾಗಡಿಯವನು ಮಾತ್ರ ಬರಲಿಲ್ಲ. ಹಕ್ಕಿ ಕಾಯಬೇಕು ಎಂದು ಹೇಳಿ ಕಳಿಸಿದ.

ಇನ್ನು ಫಕೀರಪ್ಪನ ವಿಷಯ.

ಫಕೀರಪ್ಪ ಮುಂಡರಗಿಯವನು, ನಮಗಿಂತ ನಾಲ್ಕು ವರ್ಷ ಚಿಕ್ಕವನು. ಎಂ.ಎ. ಮುಗಿಸಿ ಊರಲ್ಲಿ ಬೀಜ ಗೊಬ್ಬರದ ಅಂಗಡಿ ಹಾಕಿದ. ಅವನ ಗಂಟಲು ಎಷ್ಟು ದೊಡ್ಡದೆಂದರೆ ನಮ್ಮ ಸಭೆಯಲ್ಲಿ ಅವನಿಗೆ ಮೈಕು ಕೊಡಬಾರದೆಂದು ಅಲಿಖಿತ ನಿಯಮವಿತ್ತು. ಒಂದು ವರ್ಷ ಸಭೆಗೆ ಎರಡು ವಾರ ಮೊದಲು ಗಿರಿಜಾ ಮದುವೆಗೆಂದು ಮುಂಡರಗಿಗೆ ಹೋಗಿ ಬಂದಳು. ಬಂದವಳು ಚಪ್ಪಲಿ ಬಿಡುವ ಮೊದಲೇ, "ರೀ, ಫಕೀರಪ್ಪ ಹೋಗಿಬಿಟ್ಟ," ಎಂದಳು.

"ಯಾರು ಹೇಳಿದ್ರು?"

"ಹೇಳೂದ್ಯಾಕ? ನಾನ ನೋಡೀನಿ. ಸರ್ಕಲ್ಲಿನ್ಯಾಗ ದೊಡ್ಡ ಬ್ಯಾನರ್ ಹಾಕ್ಯಾರ. ಅವನ ಫೋಟೋ, ಕೈ ಮುಗದಂಗ. ಮ್ಯಾಲ ಇಷ್ಟ ದಪ್ಪ ಚಂಡುಹೂವಿನ ಹಾರ."

"ಬ್ಯಾನರ್ ಮ್ಯಾಲ ಏನ ಬರದಿತ್ತು?"

"ಓದೂದರಾಗ ಬಸ್ ಹೊಳ್ಳೇಬಿಡ್ತು. ಹಾರಾ ಹಾಕಿದ್ ಮ್ಯಾಲ ಓದೂದು ಏನೈತ್ರಿ?" ಅವಳು ಕುಳಿತುಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಪಾಪ, ಬಾಯಿ ಒಂದು ಜೋರಿತ್ತು. ಮನಸು ಬೆಣ್ಣಿ."

ನಾನು ಪಟ್ಟಿಯಲ್ಲಿ ಅವನ ಹೆಸರು ಬರೆದೆ. ಒಂದು ಫೋನು ಮಾಡಿ ಕೇಳಬಹುದಿತ್ತು. ಸತ್ತವರ ಮನೆಗೆ ಫೋನು ಮಾಡಿ ಸತ್ತಿದ್ದಾರೆಯೇ ಎಂದು ಕೇಳುವುದು ಸರಿ ಕಾಣಲಿಲ್ಲ. ಎರಡು ಸಾಲಿನ ಶ್ರದ್ಧಾಂಜಲಿಯನ್ನೂ ಬರೆದೆ. ಆಮೇಲೆ ತಿಳಿದದ್ದೇನೆಂದರೆ, ಫಕೀರಪ್ಪ ಸಹಕಾರಿ ಸಂಘಕ್ಕೆ ನಿರ್ದೇಶಕನಾಗಿ ಗೆದ್ದಿದ್ದ. ಅಭಿಮಾನಿಗಳು ಅಭಿನಂದನೆಯ ಬ್ಯಾನರು ಕಟ್ಟಿದ್ದರು. ಮೆರವಣಿಗೆಯಲ್ಲಿ ಅವನ ಕೊರಳಿಗೆ ಹಾಕಿದ್ದ ಹಾರವನ್ನು ಯಾರೋ ಹುರುಪಿನಿಂದ ಬ್ಯಾನರಿನ ಫೋಟೋಕ್ಕೇ ಹಾಕಿಬಿಟ್ಟಿದ್ದರು.

ಸಭೆಯ ದಿನ ನಾನು ಮೂರು ಹೆಸರು ಓದಿದೆ. ಮೂರನೆಯದು ಅವನದು. ಎಲ್ಲರೂ ಎದ್ದು ತಲೆ ತಗ್ಗಿಸಿದರು. ನನ್ನ ಪಕ್ಕದಲ್ಲಿ ಗಿರಿಜಾ ಮೇಜಿನ ಮೇಲೆ ಬಾಗಿ ನಿಂತಿದ್ದಳು. ದುಃಖದಲ್ಲಿದ್ದಾಳೆ ಎಂದುಕೊಂಡೆ.

ಮುಂಡರಗಿ ಬಸ್ಸು ಆ ದಿನ ತಡವಾಗಿತ್ತು. ಫಕೀರಪ್ಪ ಬಾಗಿಲಿಗೆ ಬಂದಾಗ ಸಭೆಯೆಲ್ಲ ಮೌನವಾಗಿ ನಿಂತಿದೆ. ಯಾರೋ ಹೋಗಿದ್ದಾರೆಂದು ಅವನೂ ಚಪ್ಪಲಿ ಬಿಟ್ಟು, ಕೈ ಕಟ್ಟಿ, ತಲೆ ತಗ್ಗಿಸಿ ನಿಂತ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದವನನ್ನು ಮೆಲ್ಲಗೆ ಕೇಳಿದ. ಪಕ್ಕದವನು ಆ ವರ್ಷವಷ್ಟೇ ಸೇರಿದ ಸದಸ್ಯ, ಅವನನ್ನು ನೋಡಿದವನಲ್ಲ.

"ಯಾರ್ ಹೋದ್ರಪಾ?"

"ಮುಂಡರಗಿ ಫಕೀರಪ್ಪ ಅಂತ್ರಿ."

"ಅಯ್ಯ ಪಾಪ," ಎಂದ ಫಕೀರಪ್ಪ, ತಲೆ ಇನ್ನಷ್ಟು ತಗ್ಗಿಸಿದ. ಆಮೇಲೆ ತಲೆ ಎತ್ತಿದ. "ಬೀಜದ ಅಂಗಡಿ ಫಕೀರಪ್ಪ?"

"ಹೌದಂತ್ರಿ. ಬಾಳ ಒಳ್ಳೇವ ಇದ್ದನಂತ. ಮಿತಭಾಷಿ."

ಮೌನ ಮುಗಿಯಿತು. ನಾವು ಕುಳಿತುಕೊಳ್ಳುವುದರೊಳಗೆ ಆ ಗಂಟಲು ಹಿಂದಿನಿಂದ ಬಂತು. ಮೈಕು ಬೇಕಾಗಲಿಲ್ಲ.

"ಏನ್ರಿ ಅಕ್ಕಾರ! ನಾ ಸತ್ತದ್ದು ನನಗೊಂದು ಮಾತು ತಿಳಸೂದು ಬ್ಯಾಡೇನ್ರಿ?"

ಮುಂದಿನ ಸಾಲಿನ ಒಬ್ಬ ಹಿರಿಯರು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಫಕೀರಪ್ಪ ನಡುವಿನ ದಾರಿಯಲ್ಲಿ ನಡೆದು ಬಂದು ವೇದಿಕೆಯ ಮುಂದೆ ನಿಂತ. "ನನಗ ನಾನ ಶ್ರದ್ಧಾಂಜಲಿ ಕೊಟಗೊಂಡೆನಲ್ಲಾ! ಚಪ್ಪಲಿ ಬೇರೆ ಬಿಟ್ಟಿದ್ದೆ! ಮಾಸ್ತರ, ಆ ಚೀಟಿ ಇಲ್ಲಿ ಕೊಡ್ರಿ. ಮಿತಭಾಷಿ ಅಂತ ಯಾರ ಬರದವರು?"

ಗಿರಿಜಾ ಎದ್ದು ಕೈ ಮುಗಿದಳು. "ತಪ್ಪಾತೋ ಫಕೀರಪ್ಪ. ಕುಂಡ್ರು, ನೀರ ಕುಡಿ. ನಿನ್ನ ವಿಷಯಕ್ಕ ಇಷ್ಟು ಮಂದಿ ಎರಡ್ ನಿಮಿಷ ಬಾಯಿ ಮುಚಗೊಂಡು ಇದ್ರಲ್ಲಾ, ಅದ ಲಾಭ ಅಂತ ತಿಳಕೋ."

ಸಭೆ ನಕ್ಕಿತು. ಅವನೂ ನಕ್ಕ. ಆದರೆ ಬಿಡಲಿಲ್ಲ. ಕಡೆಯ ವಿಷಯ 'ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು' ಬಂದಾಗ ಎದ್ದು ನಿಂತ.

"ನನ್ನ ಎರಡ್ ನಿಮಿಷ ನನಗ ವಾಪಸ್ ಕೊಡ್ರಿ. ಇಲ್ಲಾಂದ್ರ ನಾಳೆ ನಾ ಖರೆ ಸತ್ತಾಗ ನೀವೆಲ್ಲಾ, 'ಇವಗ ಆಗಲೇ ಆಗೇತಿ' ಅಂತ ಕುಂತಲ್ಲೇ ಕುಂಡ್ರತೀರಿ."

"ಕೊಟ್ಟದ್ದು ವಾಪಸ್ ಹೆಂಗ ತಗೊಳ್ಳೂದು ಅಂತ ನಿಯಮಾವಳಿ ನೋಡಬೇಕಾಗತೈತಿ," ಎಂದಳು ಗಿರಿಜಾ ಗಂಭೀರವಾಗಿ. "ಮುಂದಿನ ಸಭಾಕ್ಕ ಇಡೋಣು. ಸೆಕ್ರೆಟರಿ ಸಾಹೇಬ್ರ, ಬರಕೋರಿ."

ಬರೆದುಕೊಂಡೆ. ಅಲ್ಲಿಂದ ಹನ್ನೊಂದು ವರ್ಷ ಪ್ರತಿ ಸಭೆಯಲ್ಲೂ ಫಕೀರಪ್ಪ ಎದ್ದು ಎರಡು ನಿಮಿಷ ಕೇಳಿದ. ಪ್ರತಿ ಸಲವೂ ಗಿರಿಜಾ ಮುಂದಕ್ಕೆ ಹಾಕಿದಳು. ನಡಾವಳಿ ಪುಸ್ತಕದಲ್ಲಿ ಹನ್ನೊಂದು ಸಲ ನನ್ನದೇ ಕೈಬರಹದಲ್ಲಿ ಇದೆ: 'ಸದರಿ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು.' ಕೆಲವರು ಅದನ್ನು ಕೇಳಲೆಂದೇ ಸಭೆಗೆ ಬರುತ್ತಿದ್ದರು.

ತಪ್ಪಿನಿಂದ ಒಂದು ನಿಯಮ ಹುಟ್ಟಿತು. ಇಂಥದ್ದು ಬೇರೆ ಯಾವ ಸಂಘದಲ್ಲೂ ಇರಲಾರದು. 'ಸದಸ್ಯರು ತೀರಿಕೊಂಡ ಸುದ್ದಿ ಬಂದಲ್ಲಿ, ದಿನಕರ್ಮ ಮುಗಿದ ಮೇಲೆ, ಸಂಘದ ಒಬ್ಬರು ಮನೆಗೆ ಹೋಗಿ, ಕುಳಿತು, ಚಹಾ ಕುಡಿದು ಖಾತ್ರಿ ಮಾಡಿಕೊಂಡ ನಂತರವೇ ಹೆಸರನ್ನು ಪಟ್ಟಿಗೆ ಸೇರಿಸತಕ್ಕದ್ದು. ಖಾತ್ರಿ ಮಾಡಿದವರು ಹೆಸರಿನ ಮುಂದೆ ಸಹಿ ಮಾಡತಕ್ಕದ್ದು. ಮನೆಯವರ ಸಹಿ ನಡೆಯತಕ್ಕದ್ದಲ್ಲ.'

ಚಹಾ ಸೇರಿಸಿದವಳು ಗಿರಿಜಾ. "ನಿಂತು ಕೇಳಿ ಬರೂದು ಪೋಸ್ಟಮನ್ನನ ಕೆಲಸ. ಕುಂತು ಚಾ ಕುಡದ್ರ ಮಂದಿ ಮಾತಾಡ್ತಾರ," ಎಂದಳು. ಮನೆಯವರ ಸಹಿ ಬೇಡವೆಂದವನು ಫಕೀರಪ್ಪ. "ನಮ್ಮ ಮನ್ಯಾಗ ಕೇಳಿದ್ರ ನನ್ನ ಹೇಣ್ತಿ ಸಿಟ್ಟಿನಾಗ, 'ಹೌದ್ರಿ, ಎಂದೋ ಹೋಗ್ಯಾನ' ಅಂತಾಳ," ಎಂದ.

ನಿಯಮ ಬರೆಯುವುದು ಸುಲಭ, ನಡೆಸುವುದು ಕಷ್ಟ. ಬಾಗಿಲು ಬಡಿದು ಏನೆಂದು ಕೇಳುವುದು? ಗಿರಿಜಾ ಒಂದು ಉಪಾಯ ಮಾಡಿದಳು. ಹೋಗುವಾಗ ಆ ಸದಸ್ಯರ ಹೆಸರು ಬರೆದ ಆಮಂತ್ರಣ ಪತ್ರಿಕೆ ಕೈಯಲ್ಲಿರಬೇಕು. ಅವರೇ ಬಾಗಿಲು ತೆರೆದರೆ ಪತ್ರಿಕೆ ಕೊಟ್ಟು, ತಪ್ಪದೆ ಬರಬೇಕೆಂದು ಹೇಳಿ ಬರುವುದು. ಬೇರೆಯವರು ತೆರೆದರೆ ಸುಮ್ಮನೆ ಒಳಗೆ ಹೋಗಿ ಕೂರುವುದು. ಶಿರಹಟ್ಟಿಯಲ್ಲಿ ಹೀಗೆ ಒಬ್ಬರು ಅವರೇ ಬಾಗಿಲು ತೆರೆದರು. ಗಿರಿಜಾಗೆ ಎಷ್ಟು ಸಂತೋಷವಾಯಿತೆಂದರೆ ಅವರ ಎರಡೂ ಕೈ ಹಿಡಿದುಕೊಂಡು, "ಬಾಳ ಛಲೋ ಆತ್ರಿ, ಬಾಳ ಛಲೋ ಆತ್ರಿ," ಎನ್ನುತ್ತಲೇ ಇದ್ದಳು. ಅವರಿಗೆ ಏನು ಛಲೋ ಆಯಿತೆಂದು ತಿಳಿಯಲಿಲ್ಲ. ಚಹಾ ಕೊಟ್ಟು ಕಳಿಸಿದರು.

ಉಳಿದ ಮನೆಗಳಲ್ಲಿ ಕುಳಿತೆವು. ಈ ಕೆಲಸದಲ್ಲಿ ನಾನು ಕಲಿತದ್ದೇನಾದರೂ ಇದ್ದರೆ ಆ ಮನೆಗಳಲ್ಲಿ. ಎಂ.ಎ.ಯಲ್ಲಿ ಏನು ಓದಿದ್ದರು, ಎಷ್ಟು ಅಂಕ ಬಂದಿತ್ತು ಎಂದು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. ಹಲ್ಲುಜ್ಜುವಾಗ ಹಾಡುತ್ತಿದ್ದರು ಎನ್ನುತ್ತಾರೆ. ಮೆಣಸಿನಕಾಯಿ ಸಂತೆಗೆ ಹೋದರೆ ಬೆಲೆ ಕೇಳುತ್ತಿರಲಿಲ್ಲ ಎನ್ನುತ್ತಾರೆ. ಆ ಮಾತನ್ನು ನಾನು ಶ್ರದ್ಧಾಂಜಲಿಗೆ ಹಾಕಲು ಶುರು ಮಾಡಿದೆ. ಮಿತಭಾಷಿ ಎಂಬ ಪದವನ್ನು ಆಮೇಲೆ ಯಾರಿಗೂ ಬಳಸಿಲ್ಲ.

ವಾಟ್ಸಾಪ್ ಗುಂಪು ಬಂದ ಮೇಲೆ ತಪ್ಪು ಮಾಡುವುದು ಇನ್ನೂ ಸುಲಭವಾಗಿದೆ. ಬೆಟಗೇರಿಯ ಒಬ್ಬರು ಹರ್ನಿಯಾ ಆಪರೇಶನ್ನಿಗೆ ದವಾಖಾನೆ ಸೇರಿದರು. 'ದೇವರು ಕಾಪಾಡಲಿ' ಎಂದು ಒಬ್ಬರು ಕೈ ಮುಗಿದ ಚಿತ್ರ ಹಾಕಿದರು. ಮುಂದಿನವರು ಚಿತ್ರ ಮಾತ್ರ ನೋಡಿ 'ಓಂ ಶಾಂತಿ' ಎಂದರು. ಅರ್ಧ ಗಂಟೆಯಲ್ಲಿ ಅರವತ್ತು ಮಂದಿ ಅವರನ್ನು ಕಳಿಸಿಕೊಟ್ಟರು. ಆಗ ಫಕೀರಪ್ಪನ ಒಂದು ಸಾಲು ಬಂತು: 'ಮನೀಗೆ ಹೋಗಿ ಚಾ ಕುಡದವರು ಯಾರು?' ಗುಂಪು ಎರಡು ದಿನ ತಣ್ಣಗಾಯಿತು.

ಗಿರಿಜಾಳ ಕಾಯಿಲೆ ಬಹಳ ದಿನದ್ದಲ್ಲ. ಏಳು ವಾರ. ದವಾಖಾನೆಯಲ್ಲಿ ಒಂದು ದಿನ ಅವಳು, "ರೀ, ನನ್ನ ಫೋಟೋಕ್ಕ ಜಲ್ದಿ ಹಾರಾ ಹಾಕಬ್ಯಾಡ್ರಿ. ಫಕೀರಪ್ಪ ನಂಬಂಗಿಲ್ಲ," ಎಂದಳು. ನಾನು ಅವಳ ಹೊದಿಕೆ ಸರಿ ಮಾಡಿದೆ. "ನಗ್ರಿ, ಜೋಕ್ ಮಾಡೀನಿ," ಎಂದಳು. ನನಗೆ ಆಗ ನಗಲಾಗಲಿಲ್ಲ. ಅದೊಂದು ನನ್ನಿಂದ ಆದ ತಪ್ಪು.

ಮಣ್ಣಿಗೆ ಎಲ್ಲರೂ ಬಂದಿದ್ದರು. ಹಾಗಾಗಿ ಯಾರಿಗೂ ಗೊತ್ತಿಲ್ಲದ ಸುದ್ದಿ ಅಲ್ಲ. ಆದರೂ ಪಟ್ಟಿಯಲ್ಲಿ ಹೆಸರು ಬರೆಯುವುದು ಬೇರೆ. ಸವಿತಾ ಎರಡು ಸಲ ಫೋನು ಮಾಡಿ ಹಾಳೆ ಕೇಳಿದಳು. ಎರಡು ಸಲವೂ ನಾನು ನಿಯಮ ಹೇಳಿದೆ. "ಮನೀಗೆ ಯಾರೂ ಬಂದು ಚಾ ಕುಡದಿಲ್ಲ. ಖಾತ್ರಿ ಆಗಿಲ್ಲ. ಹೆಂಗ ಬರೀಲವಾ?" ಎಂದೆ. "ಆತ್ರಿ ಸರ," ಎಂದು ಅವಳು ಫೋನು ಇಟ್ಟಳು. ಅರವತ್ತೆಂಟರ ಮುದುಕನ ಹಟ ಎಂದುಕೊಂಡಿರಬೇಕು. ಹಟವೇ ಆಗಿತ್ತು.

ಸಭೆಗೆ ಮೂರು ದಿನ ಇರುವಾಗ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬೆಟಗೇರಿಯ ನಮ್ಮ ಮನೆಯ ಬಾಗಿಲು ಬಡಿದ ಸದ್ದಾಯಿತು. ಓಣಿಯ ಮಗ್ಗಗಳ ಸದ್ದಿನಲ್ಲಿ ಮೊದಲು ಕೇಳಲಿಲ್ಲ. ತೆರೆದರೆ ಸವಿತಾ, ಅವಳ ಹಿಂದೆ ಫಕೀರಪ್ಪ. ಸವಿತಾಳ ಕೈಯಲ್ಲಿ ಆಮಂತ್ರಣ ಪತ್ರಿಕೆ. ಮೇಲೆ ಗಿರಿಜಾಳ ಹೆಸರು ಬರೆದಿತ್ತು.

ಬಾಗಿಲನ್ನು ನಾನು ತೆರೆದಿದ್ದೆ. ಅವರು ನಿಯಮದಂತೆ ಏನೂ ಕೇಳದೆ ಒಳಗೆ ಬಂದು ಕುಳಿತರು.

ಅಷ್ಟು ಮನೆಗಳಲ್ಲಿ ಆ ಕಡೆ ಕುಳಿತವನಿಗೆ ಈ ಕಡೆ ಹೇಗಿರುತ್ತದೆ ಎಂದು ಆ ದಿನ ತಿಳಿಯಿತು. ಬಂದವರು ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆ ನೋಡುತ್ತಾರೆ. ಗೋಡೆಯ ಮೇಲೆ ಫೋಟೋ ಇತ್ತು, ಹಾರ ಇರಲಿಲ್ಲ. ನಾನು ಚಹಾ ಮಾಡಿ ತಂದೆ. ಫಕೀರಪ್ಪ ಚಹಾವನ್ನು ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದು ಕೆಳಗಿಟ್ಟ.

"ಮಾಸ್ತರ, ಸಕ್ರಿ ಹಾಕಿಲ್ರಿ."

"ಆಕಿ ಹಾಕತಿದ್ಲು," ಎಂದೆ.

"ಇರಲಿ ಬಿಡ್ರಿ. ಇದೂ ಛಲೋ ಐತಿ," ಎಂದು ಅವನು ಬಸಿ ಎತ್ತಿ ಪೂರ್ತಿ ಕುಡಿದ. ಸವಿತಾಳೂ ಕುಡಿದಳು.

ನಾನು ಹಾಳೆ ತಂದೆ. ಅವರ ಮುಂದೆಯೇ ಐದನೆಯ ಹೆಸರು ಬರೆದೆ. ನನ್ನ ಅಕ್ಷರ ಕೆಟ್ಟದಾಗಿ ಬಂತು. ಹಾಳೆಯನ್ನು ಫಕೀರಪ್ಪನ ಕಡೆ ಸರಿಸಿ ಪೆನ್ನು ಕೊಟ್ಟೆ. ಅವನು ಪೆನ್ನು ಹಿಡಿದು ಕುಳಿತ. ಅದರ ಟೋಪಿ ತೆಗೆದ, ಮತ್ತೆ ಹಾಕಿದ.

"ನನ್ನ ಹೆಸರ ನೀವು ಒಂದ ಕ್ಷಣದಾಗ ಬರದ್ರಿ ಮಾಸ್ತರ," ಎಂದ ಕಡೆಗೆ. ಆ ಗಂಟಲು ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ನನಗ ಯಾಕ ಕೈ ಬರವಲ್ದು?"

ಆಗ ನಾನು ಒಳಗಿನಿಂದ ಒಂದು ಚೀಟಿ ತಂದೆ. ಅಧ್ಯಕ್ಷರ ಫೈಲನ್ನು ಗಿರಿಜಾ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಸವಿತಾಗೆ ಕೊಡಲು ಜೋಡಿಸುವಾಗ ಅದರಲ್ಲಿ ಮಡಿಚಿಟ್ಟ ಈ ಚೀಟಿ ಸಿಕ್ಕಿತ್ತು. ವೇದಿಕೆಯ ಮೇಲೆ ಅವಳು ನನಗೆ ಚೀಟಿ ಸರಿಸುತ್ತಿದ್ದಳು. ಭಾಷಣ ಉದ್ದವಾದರೆ 'ಚಪಾತಿ ಆರಾಕ ಹತ್ಯಾವು' ಎಂದು, ನಾನು ತೂಕಡಿಸಿದರೆ 'ಏಳ್ರಿ' ಎಂದು. ಇದೊಂದನ್ನು ಮಾತ್ರ ಸರಿಸಿರಲಿಲ್ಲ. ಹನ್ನೊಂದು ವರ್ಷದ ಹಿಂದೆ, ಮೇಜಿನ ಮೇಲೆ ಬಾಗಿ ನಿಂತಾಗ ಬರೆದದ್ದು. ಫಕೀರಪ್ಪನಿಗೆ ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು ಜೋರಾಗಿ ಓದಿದ.

"'ರೀ, ಫಕೀರಪ್ಪ ಬಾಗಲದಾಗ ನಿಂತಾನ. ಜೀವಂತ ಇದ್ದಾನ. ತಲಿ ಎತ್ತಬ್ಯಾಡ್ರಿ. ಇಂವ ಇಷ್ಟು ಹೊತ್ತು ಸುಮ್ಮನ ನಿಂತದ್ದು ನಾ ಎಂದೂ ನೋಡಿಲ್ಲ. ಪೂರಾ ಮುಗೀಲಿ.'"

ಅವನು ಇನ್ನೊಮ್ಮೆ ಓದಿದ.

"ನೋಡಿದ್ರಂತ?"

"ನೋಡಿದ್ಲು."

"ನೋಡಿದ ಮ್ಯಾಲೂ ನಿಲ್ಲಸಲಿಲ್ಲಾ?"

"ನಿಲ್ಲಸಲಿಲ್ಲ."

ಫಕೀರಪ್ಪ ನಕ್ಕ. ಮಗ್ಗದ ಸದ್ದನ್ನೂ ಮೀರಿ ನಕ್ಕ. ಎದುರು ಮನೆಯವರು ಕಿಟಕಿಯಿಂದ ಇಣುಕಿದರು. ಸತ್ತವರ ಮನೆಯಲ್ಲಿ ಹೀಗೆ ನಗುವುದೇ ಎಂದು ಅವರ ಮುಖದಲ್ಲಿತ್ತು. ಆ ಬೇಸಿಗೆಯ ನಂತರ ಮೊದಲ ಸಲ ನಾನೂ ನಕ್ಕೆ, ಸವಿತಾಳೂ ನಕ್ಕಳು. ನಗುತ್ತ ನಗುತ್ತ ಅವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಖಾತ್ರಿ ಮಾಡಿದವರು ಅಂದ್ರ ಇಲ್ಲೇನ್ರಿ?" ಎಂದು ಕೇಳಿ ಸಹಿ ಮಾಡಿದ.

ಸಭೆಯಲ್ಲಿ ಪಟ್ಟಿಯನ್ನು ಸವಿತಾ ಓದಬೇಕಿತ್ತು. ನಾನೇ ಓದುತ್ತೇನೆಂದು ಕೇಳಿಕೊಂಡೆ. ಐದನೆಯ ಹೆಸರಿಗೆ ಶ್ರದ್ಧಾಂಜಲಿಯಾಗಿ ಒಂದೇ ಸಾಲು ಬರೆದಿದ್ದೆ: 'ಚಹಾಕ್ಕೆ ಸಕ್ಕರೆ ಹಾಕುತ್ತಿದ್ದರು.' ಎಲ್ಲರೂ ಎದ್ದರು. ಹಿಂದಿನ ಸಾಲಿನಿಂದ ಫಕೀರಪ್ಪ ಕೈ ಎತ್ತಿದ.

"ಇತರ ವಿಷಯ ಈಗ ಬರಂಗಿಲ್ಲ, ಕಡೀಕ ಬರತೈತಿ," ಎಂದಳು ಸವಿತಾ.

"ಕಡೀತನಕ ತಡಿಯೂದಲ್ಲವಾ ಇದು. ಮಾಸ್ತರ, ನನ್ನವು ಎರಡ್ ನಿಮಿಷ ನಿಮ್ಮ ಕಡೆ ಅದಾವಲ್ಲಾ, ಅವನ್ನ ಅಕ್ಕಾರಿಗೆ ಕೂಡಸ್ರಿ. ನಾ ಹೋದಾಗ ಯಾರೂ ನಿಂದ್ರೂದು ಬ್ಯಾಡ. ನನಗ ಆಗಲೇ ಆಗೇತಿ."

ನಡಾವಳಿಯನ್ನು ಈಗ ಸವಿತಾ ಬರೆಯುತ್ತಾಳೆ. ಆ ಒಂದು ಸಾಲನ್ನು ಮಾತ್ರ ನನ್ನಿಂದ ಬರೆಸಿದಳು: 'ಸದರಿ ಸದಸ್ಯರು ತಮ್ಮ ಎರಡು ನಿಮಿಷವನ್ನು ಮಾಜಿ ಅಧ್ಯಕ್ಷರಿಗೆ ಬಿಟ್ಟುಕೊಟ್ಟಿರುವುದರಿಂದ, ಹನ್ನೊಂದು ವರ್ಷಗಳಿಂದ ಮುಂದೂಡುತ್ತ ಬಂದ ವಿಷಯವನ್ನು ಮುಕ್ತಾಯ ಮಾಡಲಾಯಿತು.'

ನಾಲ್ಕು ನಿಮಿಷ ನಿಂತೆವು. ಎರಡು ನಿಮಿಷ ಹೇಗೋ ಕಳೆಯುತ್ತದೆ, ನಾಲ್ಕು ಬಹಳ ದೊಡ್ಡದು. ತೆರೆದ ಕಿಟಕಿಯಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು. ಮನೆಗೆ ಬಂದು ಚಹಾ ಕುಡಿದು ಖಾತ್ರಿ ಮಾಡಿ ಹೋದವರ ಸಹಿ ನನ್ನ ಕೈಯಲ್ಲೇ ಇತ್ತು. ಆದರೂ ಮೂರನೆಯ ನಿಮಿಷದಲ್ಲಿ ನಾನು ತಲೆ ಎತ್ತಿ ಬಾಗಿಲ ಕಡೆ ಒಮ್ಮೆ ನೋಡಿದೆ.

ಫಕೀರಪ್ಪನೂ ಅತ್ತಲೇ ನೋಡುತ್ತಿದ್ದ.